ಗುಡೇಕೋಟೆಯ ಡುಬ್ಬ

ಆರಿಸಿದರೆ ಆಕಾಶದ ಒಂದು ಮೂಲೆಯೇ ಕಳಚಿಕೊಂಡು ಗುಡೇಕೋಟೆಯ ಬಂಡೆಗಳ ಮೇಲೆ ಬೀಳುತ್ತದೆ ಎಂಬಂತೆ, ಗಂಗಾಧರ ತನ್ನ ಕೋಣೆಯ ಕಂಪ್ಯೂಟರನ್ನು ಡುಬ್ಬ ಹುಟ್ಟಿದ ದಿನದಿಂದ ಆರಿಸಿಯೇ ಇರಲಿಲ್ಲ. ಮೊದಮೊದಲು ಅದು ಹೆಮ್ಮೆಗೆ, ದೇವರ ಮುಂದಿನ ದೀಪ ಆರಬಾರದು ಅನ್ನುವ ಹಾಗೆ. ಯುಗಾದಿಯಿಂದೀಚೆಗೆ ಹೆದರಿಕೆಗೆ. ಇವೆರಡರ ವ್ಯತ್ಯಾಸ ಹೊರಗಿನವರಿಗೆ ಕಾಣುತ್ತಿರಲಿಲ್ಲ. ಹೆಮ್ಮೆಯಾದರೂ ಹೆದರಿಕೆಯಾದರೂ ಅವನು ಒಂದೇ ರೀತಿ ಎದೆ ಸೆಟೆಸಿ ನಡೆಯುತ್ತಿದ್ದ. ಕೂಡ್ಲಿಗಿಯಿಂದ ಬರುವ ಸಂಶೋಧನಾ ಕೇಂದ್ರದ ಜೀಪು ಬೆಳಗ್ಗೆ ಗೇಟಿನ ಮುಂದೆ ನಿಂತಾಗ, ಬೋರ್ಡಿನ ಕಡೆ ನೋಡಬಾರದು ಅಂದುಕೊಳ್ಳುತ್ತಲೇ ಆವತ್ತೂ ನೋಡಿದ. ಕೇಂದ್ರದ ಹೆಸರಿನ ಕೆಳಗೆ, ಅರಿಸಿನದ ಬಣ್ಣದಲ್ಲಿ, ಅವನ ಡುಬ್ಬ. ಎಡಗಡೆಯಿಂದ ಸಪಾಟಾಗಿ ಬಂದ ಗೆರೆ ನಡುವೆ ಎತ್ತಿನ ಬೆನ್ನ ಮೇಲಿನ ಉಬ್ಬಿನಂತೆ ಎದ್ದು ಮತ್ತೆ ಸಪಾಟಾಗಿ ಬಲಕ್ಕೆ ಹೋಗುತ್ತದೆ. ಅಷ್ಟಗಲದ ತಗಡಿನ ಮೇಲೆ ಇಷ್ಟೇ ಇಷ್ಟು ಉಬ್ಬು ಚೆಂದ ಕಾಣುವುದಿಲ್ಲವೆಂದು ಕೂಡ್ಲಿಗಿಯ ಪೇಂಟರು ತನ್ನ ಕೈಯಾರೆ ಒಂದಿಷ್ಟು ಎತ್ತರ ಸೇರಿಸಿದ್ದ. ಆಗ ಗಂಗಾಧರ ಗುಡ್ಡ ಅಲುಗುವ ಹಾಗೆ ಕೂಗಾಡಿದ್ದ. "ಇದು ವಿಜ್ಞಾನ ಐತಪ್ಪ, ಮದುವಿ ಮಂಟಪ ಅಲ್ಲ!" ನಿರ್ದೇಶಕ ಜಂಬಯ್ಯನವರು ನಕ್ಕು, "ಇರ್ಲಿ ಬಿಡ್ರಿ ಗಂಗಾಧರ್, ಬೆಳಿಯೋ ಕೂಸು" ಎಂದಿದ್ದರು. ಆಗ ಕೂಗಾಡಿದ ಆ ಮನುಷ್ಯ ಎಂಥ ಶುದ್ಧ ಮನುಷ್ಯ ಎಂದು ಈಗ ಅವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಕೋಣೆಯ ಬೀಗ ತೆಗೆದು ಮೊದಲು ಕಿವಿಗೊಟ್ಟ. ಕಂಪ್ಯೂಟರಿನ ಫ್ಯಾನು ಗೊರಗುಡುತ್ತಿತ್ತು, ಹಾಗಾದರೆ ಜೀವ ಇದೆ. ಮೇಲೆ ಹೊದಿಸಿದ್ದ ಹೂವಿನ ಬಟ್ಟೆ ಸರಿಸಿದ. ಪರದೆ ಬೆಳಗಿತು. ನೋಟ್‌ಬುಕ್ ತೆರೆದೇ ಇತ್ತು. ಕಾಗದದ್ದಲ್ಲ, ಪರದೆಯ ಮೇಲೆ ಬಿಚ್ಚಿಕೊಳ್ಳುವ ಉದ್ದನೆಯ ಹಾಳೆ, ಅದರಲ್ಲಿ ಒಂದರ ಕೆಳಗೊಂದು ಖಾನೆಗಳು. ಖಾನೆಯಲ್ಲಿ ಲೆಕ್ಕ ಬರೆದು ಎರಡು ಕೀ ಕೂಡಿಸಿ ಒತ್ತಿದರೆ ಅದರ ಕೆಳಗೇ ಉತ್ತರ ಮೂಡುತ್ತದೆ, ಕೇಳಿದರೆ ಚಿತ್ರವೇ ಮೂಡುತ್ತದೆ. ಕೇಂದ್ರಕ್ಕೆ ಈ ಸಾಫ್ಟ್‌ವೇರ್ ಬಂದ ಹೊಸದರಲ್ಲಿ ಅವನು ಹೊಸ್ತಿಲಿಗೆ ಬಂದವರನ್ನೆಲ್ಲ ಹಿಡಿದು ಕೂರಿಸಿ ತೋರಿಸುತ್ತಿದ್ದ. ಪ್ರಶ್ನೆಯ ಬಾಯಿಗೇ ಉತ್ತರ ಬೀಳುತ್ತದೆ ನೋಡ್ರಿ, ಬ್ರಹ್ಮನಿಗೆ ಇದು ಸಿಕ್ಕಿದ್ದರೆ ಸೃಷ್ಟಿಯನ್ನು ಮಧ್ಯಾಹ್ನದ ಊಟದೊಳಗೆ ಮುಗಿಸುತ್ತಿದ್ದ ಎನ್ನುತ್ತಿದ್ದ. ಒಂದು ಮಾತನ್ನು ಮಾತ್ರ ಹೇಳುತ್ತಿರಲಿಲ್ಲ, ಯಾಕೆಂದರೆ ಆಗ ಅದು ದೊಡ್ಡ ಮಾತು ಅನ್ನಿಸಿರಲಿಲ್ಲ. ಖಾನೆಗಳನ್ನು ಮೇಲಿನಿಂದಲೇ ಓಡಿಸಬೇಕೆಂಬ ಕಟ್ಟಳೆ ಆ ಹಾಳೆಗಿಲ್ಲ. ಕೆಳಗಿನದನ್ನು ಮೊದಲು ಒತ್ತಬಹುದು, ಒತ್ತಿದ್ದನ್ನೇ ಮತ್ತೆ ಒತ್ತಬಹುದು. ಹಾಳೆಯ ಮೇಲೆ ಒಂದೇ ಸಲ ಬರೆದಿರುತ್ತದೆ. ಯಂತ್ರ ಮಾತ್ರ ಎಷ್ಟು ಸಲ ಒತ್ತಿದಿರೋ ಅಷ್ಟು ಸಲ ಮಾಡಿ, ಅದನ್ನು ತನ್ನ ಹೊಟ್ಟೆಯೊಳಗೆ ನೆನಪಿಟ್ಟುಕೊಂಡು ಕೂತಿರುತ್ತದೆ. ಕಣ್ಣಿಗೆ ಕಾಣುವುದು ಹಾಳೆ. ಉತ್ತರ ಬರುವುದು ಕಾಣದ ಆ ನೆನಪಿನಿಂದ. ಯಂತ್ರ ಆರಿದರೆ ಹಾಳೆ ಉಳಿಯುತ್ತದೆ, ನೆನಪು ಹೋಗುತ್ತದೆ.

ಡುಬ್ಬ ಪರದೆಯ ಮೇಲಿತ್ತು. ಅದಕ್ಕೇನೂ ಆಗಿರಲಿಲ್ಲ. ಅದರ ಎಡಬದಿಯಲ್ಲಿ ಖಾನೆ ಒತ್ತಿದಾಗಲೆಲ್ಲ ಯಂತ್ರ ತಾನೇ ಹಾಕುವ ಸರದಿಯ ಸಂಖ್ಯೆ ಒಂದನ್ನು ಬಿಟ್ಟು ಮುಂದಕ್ಕೆ ಹಾರಿತ್ತು. ಗೊತ್ತಿದ್ದವನಿಗೆ ಅದು ಹಲ್ಲು ಬಿದ್ದ ಬಾಯಿಯಂತೆ ಕಾಣಬೇಕು. ಎಷ್ಟೋ ಮಂದಿ ದೊಡ್ಡವರು ಬಂದು ಈ ಪರದೆಯ ಮುಂದೆ ನಿಂತು ತಲೆದೂಗಿ ಹೋಗಿದ್ದರು. ಒಬ್ಬನ ಕಣ್ಣೂ ಆ ಹಲ್ಲಿನ ಮೇಲೆ ಬಿದ್ದಿರಲಿಲ್ಲ. ಡುಬ್ಬದ ಎತ್ತರಕ್ಕೆ ಎಲ್ಲರ ಕತ್ತೂ ಮೇಲಾಗಿತ್ತು.

ಬಾಗಿಲಲ್ಲಿ ಸಮತಾ ನಿಂತಿದ್ದಳು. ತುಂಗಭದ್ರೆಯ ದಂಡೆಯ ಹಲವಾಗಲಿನ ಹುಡುಗಿ, ಅವನ ಕೈಕೆಳಗೆ ಡಾಕ್ಟರೇಟಿಗೆ ಸೇರಿದವಳು. ಅವಳ ಪ್ರಬಂಧವೆಲ್ಲ ಈ ಡುಬ್ಬದ ಮೇಲೆಯೇ ಕಟ್ಟಿದ್ದು. ಡುಬ್ಬ ಎಲ್ಲಿಂದ ಬಂತು, ಯಾವ ನಕ್ಷತ್ರದ ಬೂದಿಯಿಂದ ಬಂತು, ಎಂದು ಅಧ್ಯಾಯಗಟ್ಟಲೆ ಬರೆದಿದ್ದಳು. ಪದವಿ ಕೈಗೆ ಬಂದರೆ ಹರಪನಹಳ್ಳಿ ಕಾಲೇಜಿನಲ್ಲಿ ಕಾಯಂ ಕೆಲಸ, ಬಾರದಿದ್ದರೆ ತೆಲಿಗಿಯ ಟ್ಯೂಷನ್ನು. ಅದನ್ನು ಅವಳು ಎಂದೂ ಹೇಳಿರಲಿಲ್ಲ. ಅವಳ ತಾಯಿ ಬಸಲಿಂಗಮ್ಮ ಒಮ್ಮೆ ಬಂದು ಹೇಳಿ ಕೈಮುಗಿದಿದ್ದಳು.

"ಸರ್, ನಿನ್ನೆ ಹೇಳಿದ್ನಲ್ಲ. ಹೊರಗಿನ ಪರೀಕ್ಷಕರು ಕೇಳ್ಯಾರ. ನೋಟ್‌ಬುಕ್ ಮ್ಯಾಲಿಂದ ಕೆಳಗಿನ ತನಕ ಒಂದ್ಸಲ ಓಡಿಸಿ, ಡುಬ್ಬ ಬರೋದು ನೋಡಿ, ಮಾರ್ಗದರ್ಶಕರು ಸಹಿ ಮಾಡ್ಬೇಕಂತೆ. ಇವತ್ತು ಊಟ ಆದ್ಮ್ಯಾಲೆ ಮಾಡಾಣೇನ್ ಸರ್?"

"ಇಷ್ಟಕ್ಕ ಯಾಕ ಇಷ್ಟು ಹೆದರ್ತಿಯಮ್ಮ? ಆ ಪರೀಕ್ಷಕ ಹುಟ್ಟೋಕಿಂತ ಮುಂಚೆ ನಾನು ಲೆಕ್ಕ ಮಾಡೀನಿ. ಮಾಡಾಣಂತ. ಊಟ ಆಗ್ಲಿ" ಎಂದ. ಪರೀಕ್ಷಕರು ಅವನಿಗಿಂತ ಹಿರಿಯರೆಂಬುದು ಇಬ್ಬರಿಗೂ ಗೊತ್ತಿತ್ತು. ಅವಳು ಒಳಗೆ ಬರಲಿಲ್ಲ, ಹೊಸ್ತಿಲ ಆಚೆಗೇ ತಲೆಯಾಡಿಸಿ ಹೋದಳು. ಅವಳು ಯಾವತ್ತೂ ಕರೆಯದೆ ಒಳಗೆ ಬರುವವಳಲ್ಲ. ಕೂಡ್ಲಿಗಿಯ ಮನೆಗೆ ಒಮ್ಮೆ ಬಂದಿದ್ದಾಗ ಹೆಂಡತಿ ಅಮೃತಾ ಅವಳಿಗೆ ಚಹಾ ಕೊಟ್ಟ ಲೋಟವನ್ನು ಆಮೇಲೆ ಎಲ್ಲಿಟ್ಟಳು ಎಂಬುದನ್ನು ಗಂಗಾಧರ ನೋಡಿದ್ದ, ನೋಡಿ ಪೇಪರು ಎತ್ತಿಕೊಂಡಿದ್ದ. ಆ ಪೇಪರಿನಲ್ಲಿ ಆವತ್ತು ಅವನದೇ ಫೋಟೊ ಬಂದಿತ್ತು.

ಡುಬ್ಬ ಹುಟ್ಟಿದ್ದು ಬೇಸಿಗೆಯ ಒಂದು ಮಧ್ಯಾಹ್ನ. ಗುಡ್ಡದ ತುಂಬ, ಕರಡಿಗಳು ಮಲಗುವ ಬಂಡೆಗಳ ಸಂದಿಯಲ್ಲಿ, ಕುರಿಯವರ ಕಾಲುದಾರಿಯ ಬದಿಯಲ್ಲಿ, ಬಿಳಿ ಪೆಟ್ಟಿಗೆಗಳು ಬಿಸಿಲಿಗೆ ಮೊಟ್ಟೆಗಳಂತೆ ಬೇಯುತ್ತಿದ್ದವು. ಆಕಾಶದಾಚೆಯಿಂದ ಬಂದು ಗಾಳಿಗೆ ಬಡಿದು ಚೂರಾಗಿ ಸುರಿಯುವ ಕಣಗಳನ್ನು ಆ ಪೆಟ್ಟಿಗೆಗಳು ಎಣಿಸುತ್ತವೆ. ಗಾಳಿ ದಟ್ಟವಾಗಿದ್ದರೆ ಕೆಳಗೆ ಬರುವ ಕಣ ಕಡಿಮೆ, ತೆಳುವಾಗಿದ್ದರೆ ಹೆಚ್ಚು. ಆದ್ದರಿಂದ ಎಣಿಕೆಯಲ್ಲಿ ಗಾಳಿಯ ಪಾಲನ್ನು ಒಂದು ಸಲ ಕಳೆಯಬೇಕು. ಆ ಕಳೆಯುವ ಖಾನೆಯನ್ನು ಅವನು ಒತ್ತಿದ್ದ. ಯಂತ್ರ ಸುಮ್ಮನಿತ್ತು. ಬೋರಿಂಗಿನ ಹಿಡಿಕೆ ಹೊಡೆದಾಗ ನೀರು ಬರದಿದ್ದರೆ ಇನ್ನೊಂದು ಸಲ ಹೊಡೆಯುವುದಿಲ್ಲವೆ, ಹಾಗೆ ಇನ್ನೊಂದು ಸಲ ಒತ್ತಿದ. ಜನರೇಟರಿನ ಮಂಜಣ್ಣ ಚಹಾ ತಂದಿಟ್ಟು ಹಿಂದೆ ನಿಂತಿದ್ದ. ಚಿತ್ರ ಮೂಡಿತು. "ಸರ್ರ, ಇದು ನಮ್ಮ ಎತ್ತಿನ ಡುಬ್ಬ ಇದ್ದಂಗ ಐತ್ರಿ!" ಹೆಸರಿಟ್ಟವನು ಅವನೇ. ಗಂಗಾಧರ ಕುರ್ಚಿ ಉರುಳಿಸಿ ಎದ್ದು ಹೊರಗೆ ಓಡಿದ. ಆವತ್ತು ಅವನು ಕೂಗಿದ ಕೂಗು ಕೊಟ್ಟೂರಿಗೆ ಕೇಳಿಸಿತೆಂದು ಆಮೇಲೆ ಅವನೇ ಎಲ್ಲರಿಗೂ ಹೇಳಿದ. ಆಕಾಶದ ಒಂದು ಕಡೆಯಿಂದ ಉಳಿದೆಲ್ಲ ಕಡೆಗಿಂತ ಹೆಚ್ಚು ಕಣ ಬರುತ್ತಿದೆ. ಇಡೀ ಭೂಮಂಡಲದಲ್ಲಿ ಯಾರೂ ಕಾಣದ್ದನ್ನು ಕೊಟ್ಟೂರಿನ ಶೇಂಗಾ ಮಂಡಿಯ ಮಗ ಕಂಡಿದ್ದಾನೆ. ಕೊಟ್ಟೂರಿನಲ್ಲಿ ಶಾಲು ಹೊದಿಸಿದರು. ಅಣ್ಣ ಹಾಲಸ್ವಾಮಿ ಮೈಕು ಹಿಡಿದು, "ನಮ್ಮ ತಮ್ಮ ಆಕಾಶದಾಗ ಕೈ ಹಾಕಿ ಏನೋ ಹಿಡ್ದಾನ. ಏನು ಹಿಡ್ದಾನ ಅಂತ ನನಗ ತಿಳಿಯಂಗಿಲ್ಲ, ನಿಮಗೂ ತಿಳಿಯಂಗಿಲ್ಲ. ಅದ್ಕ ಅದು ದೊಡ್ಡದು!" ಅಂದಾಗ ಸಭೆ ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿತು. ತಾನೂ ನಕ್ಕಿದ್ದ. ಆ ನಗೆ ಈಗ ಯೋಚಿಸಿದರೆ ಬಾಯಿಯೊಳಗೆ ಸುಣ್ಣ ಹೆಚ್ಚಾದ ಎಲೆಯಂತೆ ಸುಡುತ್ತದೆ.

"ಗಂಗಾಧರ್, ಬರ್ರಿ, ಬರ್ರಿ, ಮೇಷ್ಟ್ರುಗಳು ಬಂದಾರ" ಎಂದು ಜಂಬಯ್ಯನವರು ಹೊತ್ತೇರುವ ಹೊತ್ತಿಗೆ ಬಾಗಿಲು ತುಂಬಿಕೊಂಡರು. ಹಗರಿಬೊಮ್ಮನಹಳ್ಳಿಯ ಕಡೆಯ ಶಾಲಾ ಶಿಕ್ಷಕರ ಒಂದು ತಂಡ ಹಿಂದೆ. ಇಂಥ ತಂಡ ಬಂದಾಗ ಗಂಗಾಧರನೊಳಗೆ ಒಬ್ಬ ಎದ್ದು ನಿಲ್ಲುತ್ತಾನೆ. ಅವನಿಗೆ ಗಂಗಾಧರನ ಅಪ್ಪಣೆ ಬೇಕಿಲ್ಲ. ಆ ಎದ್ದವನು ಹೇಳಿದ: ಈ ಕ್ಷಣದಲ್ಲಿ ನಿಮ್ಮ ಅಂಗೈ ಮೂಲಕ ಕೋಟಿ ವರ್ಷ ನಡೆದುಬಂದ ಕಣ ತೂರಿಹೋಗುತ್ತಿದೆ. ಈ ಗುಡ್ಡದ ಕುರಿಗಳ ಉಣ್ಣೆಯಲ್ಲಿರುವ ನಕ್ಷತ್ರದ ಧೂಳನ್ನು ಜಾಡಿಸಿದರೆ ಇನ್ನೊಂದು ಸೂರ್ಯನನ್ನು ಕಟ್ಟಬಹುದು. ಒಬ್ಬ ಮೇಷ್ಟ್ರು ಬೋಳುತಲೆ ಸವರಿಕೊಂಡು, "ಅದರಿಂದ ಕೂದಲು ಉದುರ್ತಾವೇನ್ರಿ?" ಎಂದು ಕೇಳಿದಾಗ, ಎದ್ದವನು ಕಣ್ಣು ಮಿಟುಕಿಸದೆ, "ಉದುರಾದಿಲ್ರಿ, ಆದ್ರ ಬೋಳುತಲಿ ಮ್ಯಾಲೆ ನಾಕು ಜಾಸ್ತಿ ಬೀಳ್ತಾವ, ಜಾಗ ಸಿಗತೈತಲ್ಲ" ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೂತ ಗಂಗಾಧರ ನಿಂತ ಗಂಗಾಧರನನ್ನು ಕೆಳಗಿನಿಂದ ನೋಡುತ್ತಿದ್ದ. ಇವನನ್ನು ಹೇಗೆ ಕೂರಿಸುವುದು? ಹೇಳಬೇಕಾದ ಒಂದೇ ಒಂದು ವಾಕ್ಯವನ್ನು ಯುಗಾದಿಯಿಂದ ಕೂತವನು ತುಟಿಯ ತನಕ ತರುತ್ತಾನೆ, ಅಷ್ಟರಲ್ಲಿ ನಿಂತವನು ನಗೆಚಾಟಿಕೆ ಎಸೆದು ಬಾಗಿಲು ಹಾಕುತ್ತಾನೆ. ಜಂಬಯ್ಯನವರು ಹೊರಡುವಾಗ ಅವನ ಹೆಗಲು ತಟ್ಟಿ, "ಹೊಸ ಕಟ್ಟಡ ಮಂಜೂರಾಗಾಕ ಬಂದೈತಿ. ಎಲ್ಲಾ ನಿಮ್ಮ ಡುಬ್ಬದ ಪುಣ್ಯ" ಎಂದರು. ಆ ಕೈಯ ಭಾರ ಹೆಗಲ ಮೇಲೆ ಬಹಳ ಹೊತ್ತು ಉಳಿಯಿತು.

ಯುಗಾದಿಯ ದಿನ ಹಾಲಸ್ವಾಮಿ ತನ್ನ ಹಡಗಲಿಯ ಬೀಗರನ್ನು ಕೂಡ್ಲಿಗಿಗೆ ಕರೆತಂದಿದ್ದ, ತಮ್ಮನ ಡುಬ್ಬ ತೋರಿಸಲಿಕ್ಕೆ. ಹೋಳಿಗೆ ಉಂಡು ಎಲೆಯಡಿಕೆ ಹಾಕಿಕೊಂಡು ಎಲ್ಲರೂ ಮನೆಯ ಕಂಪ್ಯೂಟರಿನ ಸುತ್ತ ಕೂತರು. ಗಂಗಾಧರ ಸಿ.ಡಿ.ಯಲ್ಲಿ ನೋಟ್‌ಬುಕ್ಕನ್ನೂ ಎಣಿಕೆಯನ್ನೂ ತಂದಿದ್ದ. ಸಿದ್ಧ ಚಿತ್ರ ತೋರಿಸಿದ್ದರೆ ಆಗಿಹೋಗುತ್ತಿತ್ತು. ಆದರೆ ಅವನಿಗೆ ಹುಟ್ಟುವುದನ್ನೇ ತೋರಿಸುವ ಹುರುಪು. ಮೇಲಿನಿಂದ ಒಂದೊಂದೇ ಖಾನೆ ಒತ್ತುತ್ತ ಬಂದ. ಕೊನೆಯಲ್ಲಿ ಗೆರೆ ಮೂಡಿತು, ಎಡದಿಂದ ಬಲಕ್ಕೆ ಎರೆಹೊಲದ ಹಾಗೆ ಸಪಾಟು. ಬೀಗರು ತಲೆಯಾಡಿಸಿದರು. "ಎಲ್ಲೈತ್ರಿ ಡುಬ್ಬ?" ಎಂದಳು ಬೀಗಿತ್ತಿ. ಹಾಲಸ್ವಾಮಿ, "ತಡೀರಿ, ನಮ್ಮ ಗಂಗಪ್ಪ ಸುಮ್ನ ಬಿಡಾಂವಲ್ಲ" ಅಂದ. ಕಿವಿ ಬಿಸಿಯಾಗಿ, ನಾಚಿಕೆಗೆ ಕೈ ತಾನಾಗಿಯೇ ಮೇಲೆ ಹೋಗಿ ಗಾಳಿಯ ಪಾಲು ಕಳೆಯುವ ಖಾನೆಯನ್ನು ಇನ್ನೊಂದು ಸಲ ಒತ್ತಿತು. ಕೊನೆಯದನ್ನು ಮತ್ತೆ ಒತ್ತಿದ. ಡುಬ್ಬ ಎದ್ದಿತು. ಬೀಗರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ ಕೂತು ಅವನಿಗೆ ಎಲ್ಲವೂ ತಿಳಿಯಿತು. ಆಕಾಶದ ಯಾವ ಮೂಲೆಯಲ್ಲೂ ಏನೂ ಇಲ್ಲ. ಒಮ್ಮೆ ಕಳೆಯಬೇಕಾದ್ದನ್ನು ಎರಡು ಸಲ ಕಳೆದದ್ದಕ್ಕೆ ಗುಡೇಕೋಟೆಯ ಮಧ್ಯಾಹ್ನದ ಬಿಸಿಗಾಳಿಯೇ ಎದ್ದು ನಕ್ಷತ್ರದ ವೇಷ ಹಾಕಿ ಕುಣಿದಿದೆ. ಅಮೃತಾ ಬಂದು, "ಯಾಕ್ರಿ, ಮುಖ ಯಾಕ ಹಂಗಾತು? ದೃಷ್ಟಿ ಆತೋ ಏನೋ" ಎಂದು ಮೆಣಸಿನಕಾಯಿ ನಿವಾಳಿಸಿದಳು.

ಕೇಂದ್ರದಲ್ಲಿ ಊಟದ ಹೊತ್ತಾಯಿತು. ಬುತ್ತಿಯ ರೊಟ್ಟಿಯನ್ನು ಚೂರು ಮಾಡಿ ಕಿಟಕಿಯಾಚೆಗೆ ಹಾಕಿದ, ಕಾಗೆ ಬರಲಿಲ್ಲ. ಶೇಂಗಾ ಚಟ್ನಿಯ ವಾಸನೆಗೆ ಕೊಟ್ಟೂರಿನ ಮಂಡಿ ನೆನಪಾಯಿತು. ಅಪ್ಪ ತಕ್ಕಡಿಯ ಮುಂದೆ ಕೂತಿದ್ದಾನೆ. ತೆಲಿಗಿಯ ಮೈಲಮ್ಮ ಎಂಬ ಹೆಂಗಸು ಚೀಲ ಇಳಿಸಿದ್ದಾಳೆ. ಅಪ್ಪ ದೊಡ್ಡ ದನಿಯಲ್ಲಿ, ಚೀಲದ ತೂಕ ಕಳೆದೆ ನೋಡವ್ವ ಎನ್ನುತ್ತಾನೆ. ಚಹಾ ಬರುತ್ತದೆ. ಕುಡಿದು, ಬಾಯಿ ಒರೆಸಿಕೊಂಡು, ಬರೆಯುವಾಗ ಇನ್ನೊಂದು ಸಲ ಕಳೆಯುತ್ತಾನೆ. ಹೆಂಗಸು ಅಪ್ಪನ ಮುಖ ನೋಡುವುದಿಲ್ಲ, ತಕ್ಕಡಿಯನ್ನೇ ನೋಡುತ್ತ, "ಯಜಮಾನ್ರ, ಚೀಲ ಒಂದ ಐತಲ್ರಿ?" ಎನ್ನುತ್ತಾಳೆ. ಅಪ್ಪ ನಗುತ್ತಾನೆ. "ಚೀಲ ಒಂದ ಖರೆ, ಆದ್ರ ಅದಕ್ಕ ಒಳಗೊಂದು ಮೈ, ಹೊರಗೊಂದು ಮೈ ಐತಲ್ಲವ್ವ!" ಮಂಡಿಯಲ್ಲಿ ಇದ್ದವರೆಲ್ಲ ನಗುತ್ತಾರೆ. ಹಮಾಲರು ನಗುತ್ತಾರೆ. ಶಾಲೆ ಬಿಟ್ಟು ಬಂದ ಗಂಗಾಧರನೂ ನಗುತ್ತಾನೆ, ಎಲ್ಲರಿಗಿಂತ ಗಟ್ಟಿಯಾಗಿ. ಮೈಲಮ್ಮ ಕೂಡ ಕೊನೆಗೆ ನಕ್ಕಳು. ನಗದೆ ಇನ್ನೇನು ಮಾಡುತ್ತಾಳೆ. ಅಪ್ಪ ಗೊತ್ತಿದ್ದು ಮಾಡಿದ, ನಾನು ಗೊತ್ತಿಲ್ಲದೆ ಮಾಡಿದೆ ಎಂದು ಗಂಗಾಧರ ತನಗೆ ತಾನೇ ವಕೀಲನಾದ. ಆದರೆ ಯುಗಾದಿಯಿಂದೀಚೆಗೆ? ಆಮೇಲಿನದ್ದು ಯಾರ ಲೆಕ್ಕಕ್ಕೆ? ಮನೆಯ ಕಂಪ್ಯೂಟರಿನಲ್ಲಿ ಸುಳ್ಳಾದದ್ದು ಇಲ್ಲಿ, ಈ ಯಂತ್ರದ ನೆನಪಿನಲ್ಲಿ, ಇನ್ನೂ ನಿಜವಾಗಿದೆ ಎಂಬಂತೆ ಇದನ್ನು ಆರದಂತೆ ಕಾಯುತ್ತ ಬಂದಿದ್ದ. ಮೂರು ಲೋಕದಲ್ಲಿ ಡುಬ್ಬಕ್ಕೆ ಇದ್ದದ್ದು ಇದೊಂದೇ ಜಾಗ, ಈ ಹೂವಿನ ಬಟ್ಟೆಯ ಕೆಳಗೆ. ಇವತ್ತು ಊಟವಾದ ಮೇಲೆ ಮೇಲಿನಿಂದ ಓಡಿಸಿದರೆ ಅದೂ ಇಲ್ಲ. ಸಮತಾಳ ಕಣ್ಣೆದುರಿಗೇ ಗೆರೆ ಸಪಾಟಾಗುತ್ತದೆ, ಅವಳು ಕಟ್ಟಿದ್ದೆಲ್ಲ ಅದರ ಜೊತೆಗೆ. ಹೇಳಿಬಿಡಬೇಕು. ಅವಳು ಬಂದ ಕೂಡಲೆ, ನಿಂತವನು ಎದ್ದು ನಿಲ್ಲುವ ಮೊದಲೇ, ಹೇಳಿಬಿಡಬೇಕು. ಸಮತಾ, ಡುಬ್ಬ ಇಲ್ಲಮ್ಮ. ಇಷ್ಟೇ. ಅವನು ಅದನ್ನು ಬಾಯೊಳಗೆ ಹೇಳಿ ನೋಡಿದ. ಬಂತು. ಮತ್ತೊಮ್ಮೆ ಹೇಳಿದ. ಬಂತು.

ಆಗ ಕರೆಂಟು ಹೋಯಿತು.

ಫ್ಯಾನಿನ ರೆಕ್ಕೆಗಳು ನಿಧಾನವಾದವು. ಮೇಜಿನ ಕೆಳಗಿನ ಯುಪಿಎಸ್ ಹಸಿದ ನಾಯಿಮರಿಯಂತೆ ಕುಂಯ್ಗುಟ್ಟತೊಡಗಿತು. ಹೊರಗೆ ಮಂಜಣ್ಣ ಜನರೇಟರಿಗೆ ಹಗ್ಗ ಸುತ್ತಿ ಎಳೆಯುವುದೂ, ಅದು ಕೆಮ್ಮಿ ಸುಮ್ಮನಾಗುವುದೂ ಕೇಳಿಸಿತು. "ಏನಾತೋ ಮಂಜಣ್ಣ?" ಎಂದು ಕಿಟಕಿಯಿಂದ ಕೂಗಿದ.

"ಮುನಿಸ್ಕೊಂಡೈತ್ರಿ ಸರ್! ಹೊಸ ಸೊಸಿ ಇದ್ದಂಗ, ಮುಟ್ಟಿದ್ರ ಉರೀತೈತಿ, ಬಿಟ್ರ ಕೂಡ್ತೈತಿ. ನೀವೇನ್ ಚಿಂತಿ ಮಾಡಬ್ಯಾಡ್ರಿ, ಯುಪಿಎಸ್ ತಡೀತೈತಿ. ಬ್ಯಾಟ್ರಿ ನಾನ ಹಾಕೀನಿ, ಹೊಸಾವು!"

ಯುಪಿಎಸ್ ತಡೆಯುತ್ತದೆ. ಗಂಗಾಧರ ಮೊಣಕಾಲೂರಿ ಅದರ ಮುಂದೆ ಕೂತ. ಹಸಿರು ದೀಪ, ಕೆಂಪು ದೀಪ, ನಡುವೆ ಹೆಬ್ಬೆಟ್ಟಿನಗಲದ ಗುಂಡಿ. ಅದನ್ನು ನೋಡುತ್ತಿದ್ದಂತೆ ಅವನಿಗೊಂದು ಬಯಲು ಕಾಣಿಸಿತು, ವಿಶಾಲವಾದ, ನೆರಳಿರುವ ಬಯಲು. ಯಂತ್ರ ಆರಿಹೋದರೆ? ಕರೆಂಟು ಹೋಯಿತು, ನೆನಪು ಹೋಯಿತು. ಡುಬ್ಬ ಇತ್ತು, ಎಲ್ಲರೂ ನೋಡಿದ್ದಾರೆ, ಕರೆಂಟು ತಿಂದಿತು. ಇನ್ನು ಯಾರು ಮೇಲಿನಿಂದ ಓಡಿಸಿ ಎಂದರೂ, ಅಯ್ಯೋ ಆ ದಿನ ಹೋಯಿತಲ್ಲ ಎಂದು ಕಣ್ಣೊರೆಸಿಕೊಳ್ಳಬಹುದು. ಸತ್ತ ಡುಬ್ಬ ಬದುಕಿದ್ದ ಡುಬ್ಬಕ್ಕಿಂತ ದೊಡ್ಡದಾಗಿ ಬೆಳೆಯುತ್ತದೆ. ಗೇಟಿನ ಬೋರ್ಡಿನಷ್ಟು, ಗುಡೇಕೋಟೆಯ ಗುಡ್ಡದಷ್ಟು. ಸಮತಾಳ ಪ್ರಬಂಧಕ್ಕೆ ತಾನೇ ಮುಂದೆ ನಿಂತು, ನೋಡಿದ್ದೇನೆ ಎಂದು ಸಹಿ ಮಾಡುತ್ತಾನೆ. ನೋಡಿದ್ದು ಸುಳ್ಳಲ್ಲವಲ್ಲ. ಹೊರಗೆ ಹಗ್ಗ ಮತ್ತೆ ಎಳೆದ ಸದ್ದು. ಕೆಮ್ಮು. ಬೆರಳು ಗುಂಡಿಯ ಮೇಲಿತ್ತು. ಯಾವಾಗ ಹೋಯಿತು ಎಂದು ಅವನಿಗೆ ಗೊತ್ತಿರಲಿಲ್ಲ. ಬೆಳಗ್ಗೆಯಿಂದ ಇದೊಂದನ್ನು ಮಾತ್ರ ಅವನು ಯೋಚಿಸಿ ಮಾಡಲಿಲ್ಲ. ಒತ್ತಿದ. ಈ ಸಲ ಒಂದೇ ಸಲ.

ಪರದೆ ಕಪ್ಪಾಯಿತು. ಅದರಲ್ಲಿ ಮೊಣಕಾಲೂರಿ ಕೂತ ಒಬ್ಬ ನಡುವಯಸ್ಸಿನವನ ಮುಖ ಕಂಡಿತು. ಆಕಾಶದ ಯಾವ ಮೂಲೆಯೂ ಬೀಳಲಿಲ್ಲ. ದೂರದಲ್ಲಿ ಕುರಿಯೊಂದು ಕೂಗಿತು. ಮರುಕ್ಷಣವೇ ಜನರೇಟರು ಗಹಗಹಿಸಿ ಹತ್ತಿಕೊಂಡು ಕೋಣೆಯ ದೀಪವೆಲ್ಲ ಬೆಳಗಿದಾಗ, ಅವನು ಕಳ್ಳನ ಹಾಗೆ ಹಾರಿ ಎದ್ದು, ಮೇಜಿನ ಅಂಚಿಗೆ ತಲೆ ಬಡಿಸಿಕೊಂಡ. ಆ ನೋವಿಗೆ ಬಂದ ಕಣ್ಣೀರು ಉಪಯೋಗಕ್ಕೆ ಬಂತು.

"ಹೋತು! ಎಲ್ಲಾ ಹೋತು!" ಎಂದು ನಿಂತವನು ಕೂಗಿದ. ಜಂಬಯ್ಯನವರು ಓಡಿ ಬಂದರು, ಸಮತಾ ಬಂದಳು, ಮಂಜಣ್ಣ ಕೈಯ ಎಣ್ಣೆಯನ್ನು ಲುಂಗಿಗೆ ಒರೆಸಿಕೊಳ್ಳುತ್ತ ಬಂದ. ಗಂಗಾಧರ ಕುರ್ಚಿಯಲ್ಲಿ ಕುಸಿದು, ಜಗತ್ತಿನಲ್ಲಿ ಇಂಥ ನಷ್ಟ ಇನ್ನೊಂದಿಲ್ಲವೆಂದ, ಬೆಂಕಿ ಬಿದ್ದು ಅರಮನೆ ಸುಟ್ಟರೆ ಮತ್ತೆ ಕಟ್ಟಬಹುದು ಎಂದ. ತಾನು ಹೇಳುತ್ತಿರುವುದು ತನಗೇ ನಿಜವೆನಿಸತೊಡಗಿತು.

ಜಂಬಯ್ಯನವರು ಮಂಜಣ್ಣನ ಕಡೆ ತಿರುಗಿದರು. "ಬೆಳಿಗ್ಗಿಂದ ಜನರೇಟರ್ ನೋಡು, ಜನರೇಟರ್ ನೋಡು ಅಂತ ಹೇಳೀನೋ ಇಲ್ಲೋ? ಏನು ಕಡೀತಿದ್ದಿ ಅಲ್ಲಿ?"

"ಅಲ್ರಿ ಸರ್ರ, ಬ್ಯಾಟ್ರಿ ಹೊಸಾವದಾವ. ಇಷ್ಟಕ್ಕೆಲ್ಲಾ ಹೋಗಬಾರದಿತ್ತಲ್ರಿ…" ಮಂಜಣ್ಣ ಬಗ್ಗಿ ಯುಪಿಎಸ್ ನೋಡಿದ. ಕೈ ಚಾಚಿ ಗುಂಡಿ ಮುಟ್ಟಿದ. ಆಮೇಲೆ ತಲೆಯೆತ್ತಿ ಗಂಗಾಧರನನ್ನು ನೋಡಿದ. ಆ ನೋಟ ಬಹಳ ಹೊತ್ತಿನದಲ್ಲ. ಹಾರುವ ನೊಣ ಒಂದು ಕಡೆ ಕೂತು ಏಳುವಷ್ಟು. "ನಂದ ತಪ್ಪು ಬಿಡ್ರಿ ಸರ್. ಹೊಸಾವಾದ್ರೂ ಬ್ಯಾಟ್ರಿಗಳು ಸುಮಾರ ಇದ್ದಾವು" ಎಂದ. ಗಂಗಾಧರ, "ಹೋಗ್ಲಿ ಬಿಡ್ರಿ ಸರ್, ಪಾಪ, ಅವನೇನ್ ಮಾಡ್ಯಾನು" ಎಂದ. ತನ್ನ ದೊಡ್ಡತನಕ್ಕೆ ತನಗೇ ಹೇಸಿಗೆಯಾಯಿತು. ಜಂಬಯ್ಯನವರು ಮಾತ್ರ ಅದಕ್ಕೆ ಕರಗಿ, ಇಂಥ ಮನುಷ್ಯರು ಅಪರೂಪ ಎಂಬಂತೆ ಅವನ ಹೆಗಲು ತಟ್ಟಿ ಹೊರಟುಹೋದರು.

ಸಮತಾ ಹೊಸ್ತಿಲು ದಾಟಿ ಒಳಗೆ ಬಂದಿದ್ದಳು. ಕರೆಯದೆ ಬಂದದ್ದು ಅದೇ ಮೊದಲು. "ಸರ್, ನೀವು ಅಷ್ಟು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ಏನೂ ಹೋಗಿಲ್ಲ. ನನ್ನತ್ರ ಐತಿ."

"ಏನೈತಮ್ಮ?"

"ಡುಬ್ಬ ಸರ್. ಬರ್ರಿ, ತೋರಿಸ್ತೀನಿ."

ಪಕ್ಕದ ಕೋಣೆಯಲ್ಲಿ ಅವಳ ಹಳೆಯ ಕಂಪ್ಯೂಟರ್. ಅದಕ್ಕೆ ಯುಪಿಎಸ್ ಇರಲಿಲ್ಲ. ಕರೆಂಟಿನೊಂದಿಗೆ ಸತ್ತು ಈಗಷ್ಟೇ ಮತ್ತೆ ಹುಟ್ಟಿತ್ತು. ಅದರ ಹೊಟ್ಟೆಯಲ್ಲಿ ಹಿಂದಿನದು ಏನೂ ಇರುವುದು ಸಾಧ್ಯವಿರಲಿಲ್ಲ. ಅವಳು ನೋಟ್‌ಬುಕ್ ತೆರೆದು ಮೇಲಿನಿಂದ ಒಂದೊಂದೇ ಖಾನೆ ಒತ್ತುತ್ತ ಬಂದಳು. ಗಂಗಾಧರ ಅವಳ ಕುರ್ಚಿಯ ಬೆನ್ನು ಹಿಡಿದು ನಿಂತ. ಮಂಜಣ್ಣನೂ ಬಾಗಿಲಿಗೆ ಒರಗಿದ್ದ. ಈಗ ಸಪಾಟಾಗುತ್ತದೆ, ಆಗಲಿ, ತಾನು ಹೇಳಬೇಕಾದ್ದನ್ನು ಯಂತ್ರವೇ ಹೇಳಿಬಿಡುತ್ತದೆ ಎಂದು ಅವನಿಗೆ ಒಂದು ಬಗೆಯ ಬಿಡುಗಡೆಯೂ ಆಯಿತು. ಕೊನೆಯ ಖಾನೆ. ಡುಬ್ಬ ಎದ್ದು ನಿಂತಿತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ, ಅವನದೇ ಡುಬ್ಬ.

"ಹೆಂಗ?" ಎಂದ. ಮತ್ತೊಮ್ಮೆ, "ಹೆಂಗ ಬಂತು?"

ಸಮತಾ ಹಾಳೆಯನ್ನು ಮೇಲಕ್ಕೆ ಸರಿಸಿ ಬೆರಳಿಟ್ಟಳು. ಗಾಳಿಯ ಪಾಲು ಕಳೆಯುವ ಖಾನೆ. ಅದರ ಕೆಳಗೆ ಅದೇ ಖಾನೆ, ಅಕ್ಷರ ಅಕ್ಷರವೂ ಅದೇ, ಎರಡನೆಯ ಸಲ.

"ಮೊದಲು ನನಗ ಬರಲೇ ಇಲ್ಲ ಸರ್. ಎಷ್ಟು ಸಲ ಓಡಿಸಿದ್ರೂ ಸಪಾಟ. ತಪ್ಪು ನಂದ ಅಂತ ಅನ್ಕಂಡೆ. ಒಂದು ಬ್ಯಾಸಿಗಿ ಪೂರ್ತಿ ಹುಡುಕೀನಿ ಸರ್, ಅತ್ತೀನಿ, ಅವ್ವಗೂ ಹೇಳಿಲ್ಲ. ನಿಮ್ಮನ್ನ ಕೇಳಾಕ ಧೈರ್ಯ ಆಗ್ಲಿಲ್ಲ, ಇಷ್ಟೂ ಬರಲ್ಲ ಅಂದ್ರ ನೀವು ಏನಂತೀರೋ ಅಂತ. ಕೊನಿಗೆ ಒಂದಿನ ಸುಮ್ನ ಎರಡು ಸಲ ಒತ್ತಿ ನೋಡಿದೆ. ಬಂತು. ಆಗ ತಿಳೀತು, ಸರ್ ಇದನ್ನ ಬೇಕಂತಲೇ ಎರಡು ಸಲ ಮಾಡ್ಯಾರ, ನನಗ ಗೊತ್ತಾಗಿಲ್ಲ ಅಷ್ಟೇ ಅಂತ." ಅವಳು ಪುಟ ಇನ್ನಷ್ಟು ಸರಿಸಿದಳು. "ಯಾಕ ಎರಡು ಅನ್ನೋದಕ್ಕ ಒಂದು ಕಾರಣ ಬರೆದೀನಿ. ಗುಡ್ಡದ ಮ್ಯಾಲಿನ ಗಾಳಿಗೊಂದು, ಬುಡದ ಗಾಳಿಗೊಂದು ಅಂತ. ಅಧ್ಯಾಯನೇ ಮಾಡೀನಿ."

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ತಗ್ಗಿದ ದನಿಯಲ್ಲಿ, "ಆದ್ರೂ ಒಂದು ಮಾತು ಸರ್. ಗಾಳಿ ಒಂದ ಐತಲ್ರಿ?" ಎಂದಳು.

ಜನರೇಟರಿನ ಸದ್ದು ನೆಲದಿಂದ ಕಾಲಿಗೆ ಏರುತ್ತಿತ್ತು. ಇದು ಕೇಳುವ ಪ್ರಶ್ನೆಯಲ್ಲ, ಕೊಡುತ್ತಿರುವ ಜಾಗ ಎಂದು ಗಂಗಾಧರನಿಗೆ ಗೊತ್ತಾಯಿತು. ಒಂದು ಬೇಸಿಗೆ ಪೂರ್ತಿ ತನ್ನನ್ನೇ ತಪ್ಪು ಮಾಡಿಕೊಂಡು ಅತ್ತ ಹುಡುಗಿ ಕುರ್ಚಿಯನ್ನು ಇಷ್ಟೇ ಇಷ್ಟು ಸರಿಸಿ ಜಾಗ ಮಾಡಿದ್ದಾಳೆ, ಬಂದು ಕೂತುಕೊಳ್ಳಬಹುದು. ಹೌದಮ್ಮ, ಒಂದೇ. ಎರಡು ಶಬ್ದ. ಅವು ಗಂಟಲಿನಿಂದ ಹೊರಟು ನಾಲಿಗೆಯ ಮೇಲೆ ಬಂದು ನಿಂತವು, ಅವನಿಗೆ ಅವುಗಳ ರುಚಿಯೂ ತಿಳಿಯಿತು. ಬಾಗಿಲಲ್ಲಿ ಮಂಜಣ್ಣ ನೋಡುತ್ತಿದ್ದ. ಆಗ ಗಂಗಾಧರನೊಳಗೆ ಕೂತವನ ಹೆಗಲ ಮೇಲೆ ಕಾಲಿಟ್ಟು ನಿಂತವನು ಎದ್ದ.

"ಗಾಳಿ ಒಂದ ಖರೆ" ಎಂದ, ನಗುತ್ತ. "ಆದ್ರ ಇದು ಗುಡೇಕೋಟಿ ಗಾಳಿ ಐತಮ್ಮ, ಸಣ್ಣಪುಟ್ಟದ್ದಲ್ಲ. ಎರಡಲ್ಲ, ಮೂರು ಸಲ ಕಳೆದ್ರೂ ಇದಕ್ಕ ತಡೀತೈತಿ!"

ಮಂಜಣ್ಣ ಗೊಳ್ಳೆಂದು ನಕ್ಕ. ನಗದೆ ಇನ್ನೇನು ಮಾಡುತ್ತಾನೆ. ಸಮತಾಳೂ ಕೊನೆಗೆ ನಕ್ಕಳು, ತಲೆ ತಗ್ಗಿಸಿಕೊಂಡು. ಆಮೇಲೆ, ಗುರು ಹೇಳಿದ್ದನ್ನು ಮಾಡದೆ ಬಿಡಬಾರದೆಂಬ ಎಂದಿನ ಅಭ್ಯಾಸದಿಂದ, ಆ ಖಾನೆಯನ್ನು ಮೂರನೆಯ ಸಲ ಕೆಳಗೆ ನಕಲಿಳಿಸಿಕೊಂಡು, ಎರಡು ಕೀ ಕೂಡಿಸಿ ಒತ್ತಿ, ಕೊನೆಯದನ್ನೂ ಒತ್ತಿದಳು.

ಡುಬ್ಬ ಮತ್ತೂ ಮೇಲಕ್ಕೆದ್ದಿತು. ಈಗ ಅದು ಗೇಟಿನ ಬೋರ್ಡಿನ ಮೇಲೆ ಕೂಡ್ಲಿಗಿಯ ಪೇಂಟರು ಬರೆದಷ್ಟೇ ಎತ್ತರವಿತ್ತು.